ಮಂಗಳವಾರ ಕರೆಸಿದ ಆಟಗಾರ

ಮೂವತ್ತನಾಲ್ಕು ಎಂದರೆ ಬೇರೆ ಕಸುಬಿನಲ್ಲಿ ಕೈ ಪಳಗುವ ವಯಸ್ಸು. ಅಮೆರಿಕದ ಫುಟ್‌ಬಾಲಿನಲ್ಲಿ ಕಾರ್ನರ್‌ಬ್ಯಾಕ್ ಆದವನಿಗೆ ಅಜ್ಜನ ವಯಸ್ಸು. ಎದುರು ತಂಡದ ಅತಿ ವೇಗದ ಓಟಗಾರ ಮುಂದಕ್ಕೆ ಓಡಿದರೆ ಇವನು ಅವನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಓಡಬೇಕು. ಅವನು ಹೊರಳಿದ ಕ್ಷಣಕ್ಕೆ ಸೊಂಟ ತಿರುಗಿಸಿ ಬೆನ್ನು ಹತ್ತಬೇಕು. ಕಾಲು ಸೋಲುವುದು ಆಮೇಲೆ, ಮೊದಲು ಸೋಲುವುದು ಸೊಂಟ. ಟೊಲೆಡೊ ತಂಡದಲ್ಲಿ ಇಪ್ಪತ್ತು ವರ್ಷದಿಂದ ಕಾರ್ನರ್‌ಬ್ಯಾಕ್‌ಗಳನ್ನು ತಿದ್ದುತ್ತಿದ್ದ ಕೋಚ್ ವೆಂಡೆಲ್ ಟಿಬ್ಸ್‌ಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ಎರಡು ವಾರದಿಂದ ಆಲ್ವಿನ್ ಗಿಡ್ರಿಯನ್ನು ವಾಪಸ್ ತೆಗೆದುಕೊಳ್ಳಿ ಎಂದು ಮ್ಯಾನೇಜರ್ ಹ್ಯಾಲ್ವರ್ಸನ್‌ನ ಬಾಗಿಲು ಸವೆಸುತ್ತಿದ್ದ.

ಗಿಡ್ರಿ ಇಲ್ಲೇ ಬೆಳೆದ ಆಟಗಾರ. ಲೂಸಿಯಾನಾದ ಕೆಸರಿನಿಂದ ಬಂದ ಒಣಕಲು ಹುಡುಗನನ್ನು ವೆಂಡೆಲ್ ಒಂಬತ್ತು ವರ್ಷ ತಿದ್ದಿದ್ದ. ಆ ಒಂಬತ್ತು ವರ್ಷ ಎದುರಾಳಿಗಳು ಗಿಡ್ರಿ ನಿಂತ ಕಡೆಗೆ ಚೆಂಡನ್ನೇ ಎಸೆಯುತ್ತಿರಲಿಲ್ಲ. ಆಮೇಲೆ ತಂಡ ಅವನನ್ನು ಬಿಟ್ಟುಬಿಟ್ಟಿತು. ಲೂಯಿವಿಲ್ ತಂಡದವರು ಎತ್ತಿಕೊಂಡರು, ಎರಡು ವರ್ಷ ಇಟ್ಟುಕೊಂಡು ಮೂರು ವಾರದ ಹಿಂದೆ ಅವರೂ ಬಿಟ್ಟರು. ಈಗ ಟೊಲೆಡೊದ ಇಬ್ಬರು ಕಾರ್ನರ್‌ಬ್ಯಾಕ್‌ಗಳು ಮೊಣಕಾಲು ಕಟ್ಟಿಕೊಂಡು ಮಲಗಿದ್ದರು. ಬರುವ ಭಾನುವಾರ ಆಟ ಇದ್ದದ್ದು ಲೂಯಿವಿಲ್ ಜೊತೆಗೇ.

ಹೊಸಬರನ್ನು ಕರೆಸಿ ಓಡಿಸಿ ನೋಡುವುದು ಮಂಗಳವಾರ. ಸೋಮವಾರ ಸಂಜೆ ಹ್ಯಾಲ್ವರ್ಸನ್, ನಿನ್ನ ಗಿಡ್ರಿಯನ್ನು ಕರೆಸಿದ್ದೇನೆ ಎಂದಾಗ ವೆಂಡೆಲ್‌ಗೆ ಸಂತೋಷವಾಯಿತು. ಸಂತೋಷದ ಅಡಿಯಲ್ಲಿ ಏನೋ ಚುಚ್ಚಿತು. ಮುಂದಿನ ಎದುರಾಳಿ ಹೊರಹಾಕಿದವನನ್ನು ಕರೆಸಿ, ಊಟಕ್ಕೆ ಕೂರಿಸಿ, ಅಲ್ಲಿಯ ಗುಟ್ಟನ್ನೆಲ್ಲ ಹಿಂಡಿಕೊಂಡು ಕೈಕುಲುಕಿ ಕಳಿಸುವುದು ಈ ಆಟದ ಹಳೆಯ ಚಾಳಿ. ಆದರೆ ನಮಗೆ ನಿಜವಾಗಿ ಒಬ್ಬ ಬೇಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಂಗಳವಾರ ಮೂವರು ಬಂದಿದ್ದರು. ಗಿಡ್ರಿಯ ಪಕ್ಕದಲ್ಲಿ ನಿಂತವನು ಇಪ್ಪತ್ತಮೂರರ ಕೈಲರ್ ಬೂನ್. ಜಿಂಕೆಯ ಹಾಗೆ ಓಡುತ್ತಿದ್ದ, ಯಾಕೆ ಓಡುತ್ತಿದ್ದೇನೆ ಎಂಬುದು ಅವನಿಗೇ ತಿಳಿದಂತಿರಲಿಲ್ಲ. ಗಿಡ್ರಿ ಹಿಂದಕ್ಕೆ ಓಡಿದ ಚಂದ ಮಾತ್ರ ಹಳೆಯದೇ. ಬಲಕ್ಕೆ ಹೊರಳಿದ, ಎಣ್ಣೆ ಹಾಕಿದ ಹಾಗೆ. ಎಡಕ್ಕೆ ಹೊರಳುವಾಗ ಸೊಂಟ ಒಂದು ಗಳಿಗೆ ಯೋಚನೆ ಮಾಡಿತು. ಅರ್ಧ ಹೆಜ್ಜೆಯಷ್ಟು ತಡ. ಬೇರೆ ಯಾರೂ ನೋಡಲಿಲ್ಲ.

ವೆಂಡೆಲ್ ಸುಳ್ಳು ಬರೆಯುವವನಲ್ಲ. ವರದಿಯಲ್ಲಿ ಅರ್ಧ ಹೆಜ್ಜೆ ಹೋಗಿದೆ ಎಂದು ಬರೆದು, ಅದರ ಕೆಳಗೇ, ಆದರೆ ಎಸೆಯುವವನಿಗಿಂತ ಮುಂಚೆ ಇವನಿಗೆ ಚೆಂಡು ಎಲ್ಲಿ ಬೀಳುತ್ತದೆಂದು ಗೊತ್ತು, ತೆಗೆದುಕೊಳ್ಳಿ ಎಂದೂ ಬರೆದ.

ಹ್ಯಾಲ್ವರ್ಸನ್ ಓದಿ ತಲೆಯಾಡಿಸಿದ. ಊಟಕ್ಕೆ ಕರೆದುಕೊಂಡು ಹೋಗು, ಲೂಯಿವಿಲ್‌ನ ಎಸೆತಗಾರನ ಬಗ್ಗೆ ಒಂದಿಷ್ಟು ಮಾತಾಡಿಸು ಎಂದ. ಮೊದಲು ಅವನ ಕರಾರಿಗೆ ಸಹಿ ಆಗಲಿ, ಆಮೇಲೆ ಕೇಳುತ್ತೇನೆ ಎಂದು ವೆಂಡೆಲ್ ನಿಂತೇ ಇದ್ದ.

"ಕಾಗದ ರೆಡಿ ಆಗ್ತಾ ಇದೆ ಕಣೋ," ಎಂದ ಹ್ಯಾಲ್ವರ್ಸನ್. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ನಂಬಿಕೆ ಇಲ್ಲ ಎಂದು ಹೇಳಬಹುದಿತ್ತು. ವೆಂಡೆಲ್‌ನ ಕರಾರೂ ಈ ಋತುವಿಗೇ ಮುಗಿಯುತ್ತಿತ್ತು. ಅರವತ್ತೊಂದರ ಕೋಚನನ್ನು ಇನ್ಯಾರು ಕರೆಯುತ್ತಾರೆ? ಅವನು ನೋಟ್‌ಬುಕ್ ಎತ್ತಿಕೊಂಡು ಊಟದ ಕೋಣೆಗೆ ನಡೆದ.

ಗಿಡ್ರಿ ತಟ್ಟೆಯ ತುಂಬ ಕೋಳಿ, ಚೀಸ್ ಹಾಕಿದ ಮ್ಯಾಕರೋನಿ ಬಡಿಸಿಕೊಂಡು ಕೂತಿದ್ದ. ಸೊಪ್ಪನ್ನು ಒಂದು ಚಮಚ ಬಾಯಿಗಿಟ್ಟು, ನಮ್ಮಮ್ಮ ಇದನ್ನ ನಾಯಿಗೂ ಹಾಕುತ್ತಿರಲಿಲ್ಲ ಎಂದು ಅಡಿಗೆಯವಳಿಗೆ ಕೇಳಿಸುವ ಹಾಗೆ ಹೇಳಿದ. ಹಾಗಾದರೆ ಒಂಬತ್ತು ವರ್ಷ ಇಲ್ಲಿ ನಾಯಿಗಿಂತ ಕಡೆಯಾಗಿ ತಿಂದೆಯಲ್ಲ ಎಂದು ಅವಳು ತಿರುಗಿಸಿ ಕೊಟ್ಟಳು. ಅವನು ಮನೆಗೆ ಬಂದವನ ಹಾಗೆ ನಕ್ಕ. ವೆಂಡೆಲ್ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಗಿಡ್ರಿಯ ನಗು ನಿಂತಿತು.

"ಏನ್ ಕೋಚ್, ಸಹಿ ಆಗೋಕ್ಮುಂಚೆ ಬಾಯಿ ಬಿಡಬೇಡ ಅಂತ ಕಲಿಸಿದ್ದೇ ನೀವು."

"ನಾನಿದ್ದೀನಲ್ಲೋ," ಎಂದ ವೆಂಡೆಲ್.

ಬೇರೆ ಯಾರು ಹೇಳಿದ್ದರೂ ಗಿಡ್ರಿ ಎದ್ದು ಹೋಗುತ್ತಿದ್ದ. ಅವನು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಸಾಸ್ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಮೈದಾನ ಮಾಡಿದ.

"ನಾನು ಹೊರಗೆ ಬಂದ ಮಾರನೇ ದಿನಾನೇ ಸನ್ನೆ ಎಲ್ಲ ಬದಲಾಯಿಸಿರ್ತಾರೆ. ಎಸೆಯೋನ ಚಟ ಬದಲಾಯಿಸೋಕಾಗಲ್ಲ. ದೂರಕ್ಕೆ ಎಸೀಬೇಕಂದ್ರೆ ಅವನ ಬಲ ಹಿಮ್ಮಡಿ ಎದ್ದುಬಿಡುತ್ತೆ. ಎಡಕ್ಕೆ ಅಂದ್ರೆ ಚೆಂಡು ಕೈಗೆ ಬರೋಕ್ಮುಂಚೆ ಬೆರಳು ನೆಕ್ಕೊಳ್ತಾನೆ. ಎರಡು ವರ್ಷ ದಿನಾ ಎದುರಿಗೆ ನಿಂತು ನೋಡಿದೀನಿ."

ಹೀಗೆ ಒಂದೂವರೆ ಗಂಟೆ. ಕೋಳಿ ತಣ್ಣಗಾಯಿತು. ವೆಂಡೆಲ್ ಆರು ಪುಟ ಬರೆದ. ಕೊನೆಗೆ ಗಿಡ್ರಿ, ನನ್ನ ಹಳೆಯ ಜಾಗ ಖಾಲಿ ಇದೆಯಾ ನೋಡಿ ಬರುತ್ತೇನೆ ಎಂದು ಬಟ್ಟೆ ಬದಲಿಸುವ ಕೋಣೆಗೆ ಹೋದ.

ಹ್ಯಾಲ್ವರ್ಸನ್ ಆರೂ ಪುಟವನ್ನು ನಿಧಾನವಾಗಿ ಓದಿ ಖಾನೆಗೆ ಹಾಕಿದ. ಕೈಲರ್ ಬೂನ್ ಸಹಿ ಮಾಡಿ ಅರ್ಧ ಗಂಟೆಯಾಯಿತು ಎಂದ. ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ವೆಂಡೆಲ್ ಕೇಳಿದ್ದಕ್ಕೆ ಹ್ಯಾಲ್ವರ್ಸನ್ ಬೆಳಗಿನ ವರದಿಯನ್ನು ಅವನ ಕಡೆಗೇ ತಿರುಗಿಸಿ ಇಟ್ಟ.

"ಅರ್ಧ ಹೆಜ್ಜೆ ಹೋಗಿದೆ ಅಂತ ನೀನೇ ಬರೆದಿದೀಯ. ನಿನ್ನ ಮಾತೇ ಕೇಳಿದೀನಿ."

ಅದರ ಕೆಳಗಿನ ಸಾಲನ್ನು ವೆಂಡೆಲ್ ಬೆರಳಿಟ್ಟು ತೋರಿಸಿದ. ಹ್ಯಾಲ್ವರ್ಸನ್ ಫೋನ್ ಎತ್ತಿಕೊಂಡಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗಿಡ್ರಿ ಬೆಂಚಿನ ಮೇಲೆ ಕೂತು ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡಿದ್ದ. ವೆಂಡೆಲ್‌ನ ಮುಖ ನೋಡಿ ಗಂಟು ಬಿಚ್ಚತೊಡಗಿದ. ವೆಂಡೆಲ್ ಏನು ಹೇಳಬೇಕೋ ಹೇಳಿದ. ಗಿಡ್ರಿ ಕೇಳಿದ್ದು ಒಂದೇ.

"ಗೊತ್ತಿತ್ತಾ?"

ಇಲ್ಲ ಎಂದರೆ ಅವನು ನಂಬುತ್ತಿದ್ದ. ಅದನ್ನೇ ವೆಂಡೆಲ್‌ಗೆ ತಡೆದುಕೊಳ್ಳಲಾಗಲಿಲ್ಲ.

"ಅನುಮಾನ ಇತ್ತು."

ಗಿಡ್ರಿ ಶೂ ಲಾಡಿ ಬಿಗಿದುಕೊಂಡ. "ನನಗೂ ಇತ್ತು ಕೋಚ್. ನಿಮ್ಮ ಮೇಲಿರಲಿಲ್ಲ ಅಷ್ಟೆ," ಎಂದು ಚೀಲ ಹೆಗಲಿಗೇರಿಸಿ, ಕೈಕುಲುಕದೆ ಹೋದ.

ಭಾನುವಾರ ಲೂಯಿವಿಲ್‌ನ ಎಸೆತಗಾರ ಬೆರಳು ನೆಕ್ಕಿಕೊಂಡಾಗಲೆಲ್ಲ ಟೊಲೆಡೊದವರು ಎಡಕ್ಕೆ ಕಾದು ನಿಂತಿದ್ದರು. ನಾಲ್ಕು ಬಾರಿ ಚೆಂಡು ಕಸಿದರು. ಅದರಲ್ಲಿ ಎರಡು ಕೈಲರ್ ಬೂನ್‌ನದು. ಇಪ್ಪತ್ತನಾಲ್ಕು ಅಂಕಗಳಿಂದ ಗೆದ್ದರು. ಗೆದ್ದ ದಿನ ಆಟದ ಚೆಂಡನ್ನು ಗೆಲುವಿಗೆ ಕಾರಣನಾದವನಿಗೆ ಕೊಡುವುದು ರೂಢಿ. ಬಟ್ಟೆ ಬದಲಿಸುವ, ಬೆವರು ನಾರುವ ಕೋಣೆಯಲ್ಲಿ ಮುಖ್ಯ ಕೋಚ್ ಎಲ್ಲರನ್ನೂ ಸುಮ್ಮನಾಗಿಸಿ ವೆಂಡೆಲ್ ಟಿಬ್ಸ್‌ನ ಹೆಸರು ಕರೆದ. ಎದುರಾಳಿಯನ್ನು ಹೀಗೆ ಓದಿದ ಕೋಚನನ್ನು ನಾನು ನೋಡಿಲ್ಲ ಎಂದ. ಇಪ್ಪತ್ತು ವರ್ಷದಲ್ಲಿ ವೆಂಡೆಲ್‌ಗೆ ಇದು ಮೊದಲ ಚೆಂಡು.

ಗಿಡ್ರಿಯ ಹೆಸರು ಹೇಳಬೇಕೆಂದು ಅವನು ಬಾಯಿ ತೆರೆದ. ಬಾಗಿಲ ಬಳಿ ಹ್ಯಾಲ್ವರ್ಸನ್ ಕೈಕಟ್ಟಿ ನಿಂತು ಮುಗುಳ್ನಗುತ್ತಿದ್ದ. ಐವತ್ತು ಜನ ಹುಡುಗರು ಮೇಲೆತ್ತು, ಮೇಲೆತ್ತು ಎಂದು ಕೂಗುತ್ತಿದ್ದರು. ವೆಂಡೆಲ್ ಚೆಂಡನ್ನು ಎತ್ತಿ ಹಿಡಿದ.