ಹೆಚ್ಚಾದ ಅಜ್ಜಿ

ನಮ್ಮ ಅಜ್ಜಿ ರಾಧಾಬಾಯಿಯ ಮನೆಯಲ್ಲಿ ಯಾವುದೂ ಒಡೆಯುವುದಿಲ್ಲ, ಯಾವುದೂ ತೀರುವುದಿಲ್ಲ. ಬಳೆ ಒಡೆದರೆ ‘ಹೆಚ್ಚಾಯಿತು’ ಅನ್ನಬೇಕು. ಡಬ್ಬಿಯ ಅಕ್ಕಿ ತೀರಿದರೂ ‘ಹೆಚ್ಚಾಯಿತು’. ಕೆಟ್ಟ ಮಾತು ಬಾಯಿಗೆ ಬರಬಾರದು, ಅಷ್ಟೆ. ಇಂಥವಳ ಮೊಮ್ಮಗಳಾಗಿ ನಾನು ಕತ್ತರಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡೆ.

ಮೊದಲು ಬೈಲಹೊಂಗಲದ ಮಡಿವಾಳೆಪ್ಪನವರ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೆ. “ಆಯೇರಿ ಕೊಟ್ಟವರ ಮಾರಿ ಒಂದೂ ಹೋಗಬಾರದು ನೋಡವಾ” ಎನ್ನುತ್ತಿದ್ದರು. ಉಡುಗೊರೆ ಕೊಟ್ಟ ಒಬ್ಬರ ಮುಖವನ್ನೂ ಕತ್ತರಿಸುವಂತಿರಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಏಳು ವರ್ಷ ಇನ್ನೊಬ್ಬರ ಕೈಕೆಳಗೆ ಸಿನಿಮಾ ಎಡಿಟಿಂಗ್ ಕಲಿತೆ. ಅಲ್ಲಿಯ ಪಾಠ ತಿರುಗಾಮುರುಗಾ. ಮುಖ ಎಷ್ಟೇ ಚೆಂದವಿರಲಿ, ಕಥೆಗೆ ಬೇಡವಾದರೆ ಹೋಗಬೇಕು. ಕಡೆಗೂ ನನ್ನದೇ ಹೊಣೆಯ ಮೊದಲ ಸಿನಿಮಾ ಸಿಕ್ಕಿತು.

ಚಿತ್ರೀಕರಣ ನಮ್ಮ ರಾಮದುರ್ಗದ ಹತ್ತಿರ ತೊರಗಲ್ಲಿನಲ್ಲೇ ಆಯಿತು. ನೋಡಲು ಬಂದ ಅಜ್ಜಿಗೆ ನಿರ್ದೇಶಕರು ಒಂದು ಪಾರ್ಟು ಕೊಟ್ಟರು. ಊರು ಬಿಟ್ಟು ಹೊರಟ ಹುಡುಗಿಯ ಅಂಗೈಗೆ ಮೊಸರು ಹಾಕಬೇಕು, ಹನ್ನೆರಡು ಸೆಕೆಂಡು. ಅಜ್ಜಿ ತುಂಬ ಚೆನ್ನಾಗಿ ಮಾಡಿದಳು, ತೊಂದರೆಯಾದದ್ದೇ ಅಲ್ಲಿ. ಕಣ್ಣೆಲ್ಲ ಅಜ್ಜಿಯ ಮೇಲೆ ಹೋಗಿ, ಹುಡುಗಿಯ ಅಳು ತಟ್ಟುತ್ತಲೇ ಇರಲಿಲ್ಲ. ಮೂರು ದಿನ ಒದ್ದಾಡಿ ನಾಲ್ಕನೆಯ ದಿನ ತೆಗೆದೆ. ತೆಗೆದ ಮೇಲೆ ಅತ್ತುಬಿಟ್ಟೆ.

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. “ಅಜ್ಜಿ, ನಿನ್ನ ಪಾರ್ಟು ಹೆಚ್ಚಾತು” ಎಂದೆ.

“ಹೌದೇನ? ಆಗ್ಲಿ ಬಿಡವಾ, ಎಲ್ಲಾ ದೇವರ ಇಚ್ಛಾ” ಎಂದಳು. ಎಂಥ ಗಟ್ಟಿ ಜೀವ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸಿನಿಮಾ ಬಿಡುಗಡೆಯಾದ ದಿನ ರಾಮದುರ್ಗದ ಟಾಕೀಸಿಗೆ ಓಡಿ ಬಂದಾಗ ಆಟ ಶುರುವಾಗುವುದರಲ್ಲಿತ್ತು. ಅಜ್ಜಿಯ ಸುತ್ತ ಇಡೀ ಓಣಿಯ ಹೆಂಗಸರು. ಪಕ್ಕದ ಮನೆ ಬಾಯವ್ವ ನಕ್ಕಳು. “ನಿಮ್ಮಜ್ಜಿ ಪಾರ್ಟು ಜಾಸ್ತಿ ಮಾಡಿಯಂತಲ್ಲವ್ವಾ, ನಮ್ಮನ್ನೆಲ್ಲಾ ಕರಕೊಂಡ ಬಂದಾರ.”

ಓಣಿಯ ಮುಂದೆ ಅಜ್ಜಿಯ ಮಾನ ಹೋಗುವುದು ನನ್ನಿಂದಲೇ. ದೀಪ ಆರಿದ ಮೇಲೆ ಅವಳ ಕೈ ಹಿಡಿದು ಕಿವಿಯಲ್ಲಿ ಹೇಳಿದೆ. “ಅಜ್ಜಿ, ಅದು ಒಡದ ಬಳಿ ಹೆಚ್ಚಾದಂಗ ಹೆಚ್ಚಾತು. ನೀ ಇದರಾಗ ಇಲ್ಲ.”

ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ. ಆ ದೃಶ್ಯ ಬಂತು. ಹುಡುಗಿ ಒಬ್ಬಳೇ ಹೊಸ್ತಿಲು ದಾಟಿ ಅತ್ತಳು. ಹಿಂದಿನ ಸಾಲಿನಲ್ಲಿ ಮೂಗು ಒರೆಸುವ ಸದ್ದು ಕೇಳಿಸಿತು. ಅಜ್ಜಿಯೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹುಡುಗಿಗಾಗಿಯೋ ತನಗಾಗಿಯೋ, ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಪರದೆಯ ಮೇಲೆ ಹೆಸರುಗಳು ಬರತೊಡಗಿದವು. “ನೀವು ಎಲ್ಲಿ ಬಂದ್ರಿ ಬಾಯಾರ? ನನಗ ಕಾಣಲೇ ಇಲ್ಲ” ಎಂದು ಬಾಯವ್ವ ಅಜ್ಜಿಯನ್ನು ಕೇಳಿದಳು.

‘ಸಂಕಲನ: ವರದಾ ಜೋಶಿ’ ಎಂದು ನನ್ನ ಹೆಸರು ಮೂಡಿತು. ಅಜ್ಜಿ ಬೆರಳು ಮಾಡಿ ತೋರಿಸಿದಳು.

“ಅಲ್ಲಿ ನೋಡು. ಸಾಲ್ಯಾಗ ಕೂಡಸೋ ಲೆಕ್ಕಕ್ಕ ಸಂಕಲನ ಅಂತಿದ್ರು. ನಮ್ಮ ವರದಾ ಕೂಡಸ್ಯಾಳ, ನಾ ಹೆಚ್ಚಾಗೀನಿ.”

ಬಾಯವ್ವನಿಗೆ ಏನೂ ತಿಳಿಯಲಿಲ್ಲ. ಅಜ್ಜಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.