ಗುಡ್ಡದ ಹೊನ್ನೆಮರ

ಹುಟ್ಟಿನ ಹಿಡಿ ದೋಣಿಯ ಅಂಚಿಗೆ ಒಮ್ಮೆ ಬಡಿಯಿತು. ದೋಣಿಯ ನಡುವೆ ನಿಂತಿದ್ದ ಮಹಾಬಲ ಕೈಯಲ್ಲಿದ್ದ ಕೆಂಪು ಬಾವುಟವನ್ನು ಎಡಕ್ಕೆ ಚಾಚಿದ. ಐವತ್ತು ಮಾರು ಹಿಂದೆ ಹಾಯಿ ಬಿಚ್ಚಿ, ಹಂಚು ಹೇರಿಕೊಂಡು ಬರುತ್ತಿದ್ದ ಮಚವೆ ಎಡಕ್ಕೆ ಹೊರಳಿತು. ಅದರ ಚುಕ್ಕಾಣಿ ಕಿರ್ರೆಂದ ಸದ್ದಿನಿಂದ ಅವನಿಗೆ ಅದು ಗೊತ್ತಾಯಿತು.

"ಮರ ಎಲ್ಲಿಗೆ ಬಂತು?" ತುಟಿ ಅಲ್ಲಾಡಿಸದೆ ಕೇಳಿದ.

"ಕೋಠಿ ಮಾಡಿನ ಹತ್ರ ಬತ್ತಾ ಅದೆ," ಎಂದಳು ಹಿಂದೆ ಕೂತು ಹುಟ್ಟು ಹಾಕುತ್ತಿದ್ದ ಮಗಳು ಸರೋಜಾ. ಸ್ವಲ್ಪ ಹೊತ್ತು ಬಿಟ್ಟು, "ಈಗ ಸಮ ಆತು ಅಪ್ಪ. ನೆಟ್ಟಗೆ ಅದೆ," ಎಂದಳು.

ಮಹಾಬಲ ಬಾವುಟವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಮಚವೆ ಅವನ ಬೆನ್ನ ಹಿಂದೆಯೇ ಸದ್ದಿಲ್ಲದೆ ಒಳಗೆ ಬಂತು.

ಹೊನ್ನಾವರದಲ್ಲಿ ಹೊಳೆ ಕಡಲು ಸೇರುವ ಅಳಿವೆ ಹೊರಗಿನಿಂದ ನೋಡುವವರಿಗೆ ಬೇಕಾದಷ್ಟು ಅಗಲದ ನೀರು. ಒಳಗಿನ ಸಂಗತಿ ಬೇರೆ. ಶರಾವತಿ ತಂದು ಸುರಿದ ಮರಳು, ಕಡಲು ತಿರುಗಿ ತಂದು ಒತ್ತಿದ ಮರಳು, ಎರಡೂ ಸೇರಿ ನೀರಿನಡಿಯಲ್ಲಿ ದಿಬ್ಬ ಕಟ್ಟಿವೆ. ತುಂಬಿದ ಮಚವೆ ದಾಟುವಷ್ಟು ಆಳ ಇರುವುದು ಒಂದು ಅಂಗಳದಷ್ಟು ಅಗಲದ ದಾರಿಯಲ್ಲಿ ಮಾತ್ರ. ಆ ದಾರಿಗೆ ಗುರುತು ಎರಡು: ಧಕ್ಕೆಯ ಮೇಲೆ ಉಪ್ಪು ಕೂಡಿಡುವ ಕೋಠಿ, ಮತ್ತು ಅದರ ಹಿಂದೆ ಗುಡ್ಡದ ನೆತ್ತಿಯಲ್ಲಿರುವ ಒಂಟಿ ಹೊನ್ನೆಮರ. ಕೋಠಿಯ ಹಂಚಿನ ಮಾಡಿನ ತುದಿಯ ಮೇಲೆ ಮರ ನೆಟ್ಟಗೆ ಕೂತಂತೆ ಕಂಡರೆ ಕೆಳಗೆ ನೀರಿದೆ. ಅತ್ತಿತ್ತ ಸರಿದರೆ ಮರಳು. ಈ ಗುರುತು ಕಂಡುಹಿಡಿದವನು ಮಹಾಬಲನ ಅಜ್ಜ. ಮೂರು ತಲೆಮಾರು ಆ ಮರವನ್ನು ನೋಡಿಯೇ ಅನ್ನ ಉಂಡಿತ್ತು.

ಆ ಮರ ಮಹಾಬಲನ ಕಣ್ಣಿಗೆ ಬೀಳದೆ ಎರಡೂವರೆ ವರ್ಷವಾಗಿತ್ತು. ಬೆಳಕಿದ್ದರೆ ಬೆಳಕು, ನೆರಳಿದ್ದರೆ ನೆರಳು, ಅಷ್ಟೇ ಅವನಿಗೆ ಕಾಣುತ್ತಿದ್ದುದು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಒಣಗಿದ್ದು, ಹೋದದ್ದು ಬರುವುದಿಲ್ಲ ಎಂದು ಕುಮಟೆಯ ಡಾಕ್ಟರು ಹೇಳಿದ್ದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಮಗಳ ಕೈ ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ," ಎಂದ. ಹೇಳಿದರೆ, ಮಚವೆಗಳಿಗೆ ದಾರಿ ತೋರಲು ಬಂದರಿನವರು ಕೊಟ್ಟ ತೋಳಿನ ಮೇಲಿನ ಹಿತ್ತಾಳೆ ಬಿಲ್ಲೆ ಹೋಗುತ್ತದೆ. ಬಿಲ್ಲೆ ಹೋದರೆ ಧಕ್ಕೆಯ ಕಟ್ಟೆಯಲ್ಲಿ ಕೂತು, ಯಾರಾದರೂ ಕನಿಕರದಿಂದ ಕೊಟ್ಟ ಚಹ ಕುಡಿಯುವ ಕುರುಡು ಮುದುಕ. ಅವನಿಗೆ ಹಸಿವಿಗಿಂತ ಆ ಚಹದ ಭಯ ಹೆಚ್ಚಾಗಿತ್ತು.

ಅಂದಿನಿಂದ ಹುಟ್ಟು ಹಾಕುವ ಆಳನ್ನು ಬಿಡಿಸಿ ಸರೋಜಾಳನ್ನೇ ದೋಣಿಗೆ ಕರೆದುಕೊಂಡ. ಅಂಚಿಗೆ ಒಂದು ಬಡಿತವೆಂದರೆ ಎಡ, ಎರಡೆಂದರೆ ಬಲ. ಅಂಬಿಗನ ಜಿಪುಣತನ ನೋಡಿ, ಆಳಿನ ಕೂಲಿ ಉಳಿಸಲು ಮಗಳನ್ನೇ ದುಡಿಸುತ್ತಾನೆ ಎಂದು ಊರು ನಕ್ಕಿತು. ಮಹಾಬಲನೂ ಜೊತೆಗೆ ನಕ್ಕ. ಇಂಥ ಒಳ್ಳೆಯ ನೆಪ ತಾನಾಗಿಯೇ ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನಪಟ್ಟ.

ಬಂದರಿನಲ್ಲಿ ಮೊದಲಿನ ಗಲಾಟೆಯೂ ಇರಲಿಲ್ಲ. ಒಂದು ಕಾಲಕ್ಕೆ ಇಲ್ಲಿಂದ ಮೆಣಸಿನ ಮೂಟೆಗಳು ಅರಬರ ನಾಡಿಗೆ ಹೋಗುತ್ತಿದ್ದವಂತೆ. ಪರಂಗಿಯವರು ಬಂದು ಕೋಟೆ ಕಟ್ಟಿದರಂತೆ. ಹೈದರನ ಹಡಗುಗಳು ಇದೇ ಹೊಳೆಯಲ್ಲಿ ತಂಗುತ್ತಿದ್ದವಂತೆ. ಹಡಗು ಬರುವುದು ಕಡಿಮೆಯಾದಷ್ಟೂ ಊರಿನಲ್ಲಿ ಹಡಗಿನ ಕಥೆಗಳು ಹೆಚ್ಚಾಗಿದ್ದವು. ಈಗ ಅರವತ್ತೇಳನೆಯ ಇಸವಿಯಲ್ಲಿ ತಿಂಗಳಿಗೆ ನಾಲ್ಕೈದು ಮಚವೆ ಬಂದರೆ ಪುಣ್ಯ. ಹಂಚು ಕೂಡ ಲಾರಿ ಹತ್ತತೊಡಗಿತ್ತು. ಘಟ್ಟದ ಮೇಲೆ ಅಣೆಕಟ್ಟು ಕಟ್ಟಿದ ಮೇಲೆ ಹೊಳೆಗೆ ಮರಳು ತಳ್ಳುವ ಕಸುವಿಲ್ಲ ಎಂದು ಹಳಬರು ಹೇಳುತ್ತಿದ್ದರು. ಇರುವ ನಾಲ್ಕು ಮಚವೆಗಳನ್ನಾದರೂ ಒಳಗೆ ತರುವವನು ತಾನು ಎಂಬುದೊಂದೇ ಮಹಾಬಲನಿಗೆ ಉಳಿದಿದ್ದ ಹೆಮ್ಮೆ.

ಹೆಂಡತಿ ತೀರಿಹೋಗಿ ಎಂಟು ವರ್ಷ. ಸರೋಜಾಳಿಗೆ ಇಪ್ಪತ್ತಾರು ನಡೆಯುತ್ತಿತ್ತು. ಕಾಗಾಲದಿಂದ ಒಂದು ಸಂಬಂಧ ಬಂದಾಗ ಹುಡುಗ ಕುಡಿಯುತ್ತಾನೆಂದು ಹೇಳಿ ಕಳಿಸಿದ. ಆ ಹುಡುಗ ಕುಡಿಯುತ್ತಿದ್ದುದು ಗಂಜಿ ಮಾತ್ರ. ಆಮೇಲೆ ತದಡಿಯ ರಮಾನಂದನ ತಾಯಿ ಬಂದಳು. ರಮಾನಂದ ಈ ಹಂಚಿನ ಮಚವೆಯ ಸುಕಾಣಿ, ಚುಕ್ಕಾಣಿ ಹಿಡಿಯುವವನು. ಮಾತು ಕಡಿಮೆ, ಕೈ ಗಟ್ಟಿ. ಜಾತಕ ಕೂಡುವುದಿಲ್ಲ ಎಂದು ಮಹಾಬಲ ಜಾರಿಕೊಂಡ. ಆದರೂ ರಮಾನಂದ ಬೇರೆ ಕಡೆ ಹೆಣ್ಣು ನೋಡಲಿಲ್ಲ. ಕಳೆದ ನೂಲುಹುಣ್ಣಿಮೆಯ ದಿನ, ಮಳೆಯ ಅಬ್ಬರ ಇಳಿದು ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ, ಅವನೇ ಬಂದು ನೇರ ಕೇಳಿದ. ಮಹಾಬಲನಿಗೆ ಹೇಳಲು ನೆಪ ಉಳಿದಿರಲಿಲ್ಲ. "ನಂದೇನಿಲ್ಲ ಮಾರಾಯ. ಅವಳಿಗೇ ನಿನ್ನ ಮೇಲೆ ಮನಸ್ಸಿಲ್ಲ," ಎಂದುಬಿಟ್ಟ. ಆ ರಾತ್ರಿ ಮಗಳು ಬಡಿಸಿದ ಅನ್ನವನ್ನು ಅವನು ಅರ್ಧಕ್ಕೇ ಬಿಟ್ಟು ಎದ್ದ. ಆದರೂ ಮರುದಿನ ದೋಣಿ ಹೊರಡುವಾಗ ಅವಳು ಹಿಂದೆ ಬಂದು ಕೂತ ಸದ್ದು ಕೇಳಿ ಅವನ ಎದೆ ಹಗುರವಾಯಿತು. ತಾನು ಎಂಥ ಮನುಷ್ಯ ಎಂದು ಅವನಿಗೆ ನಾಚಿಕೆಯಾದದ್ದೂ ಆಗಲೇ.

ಮಚವೆ ಧಕ್ಕೆಗೆ ತಾಗಿತು. ಸರೋಜಾ ಚಿಮಣಿ ಎಣ್ಣೆ ತರಲು ಧಕ್ಕೆ ಬದಿಯ ಅಂಗಡಿಗೆ ಹೋದಳು. ಮಹಾಬಲ ಉಪ್ಪಿನ ಕೋಠಿಯ ನೆರಳಲ್ಲಿ ಕೂತು, ಎಲೆಯಡಿಕೆಯ ಸಂಚಿಯನ್ನು ತಡವಿದ. ಹಲಗೆಯ ಮೇಲೆ ಹೆಜ್ಜೆ ಬಂದು ಎದುರು ನಿಂತಿತು.

"ಮಾಬ್ಲಣ್ಣ, ನಾನು ರಮಾನಂದ."

"ಗೊತ್ತಾತು. ಕೂತ್ಕೋ."

ರಮಾನಂದ ಕೂರಲಿಲ್ಲ. ಒಂದು ವೀಳ್ಯದೆಲೆ, ಒಂದು ಅಡಿಕೆಯನ್ನು ಮಹಾಬಲನ ಅಂಗೈಯ ಮೇಲಿಟ್ಟ. "ಬರೂ ಹುಣ್ಣಿಮೆ ಆದ ಮೂರನೇ ದಿವ್ಸ ನನ್ನ ಮದುವೆ. ಹೆಣ್ಣು ಕುಮಟೆ ಬದಿದು. ನೀವು ಹಿರೇರು, ಹೇಳ್ದೆ ಇರೂಕೆ ಆಗೂದಿಲ್ಲ."

ಮಹಾಬಲನಿಗೆ ಮೊದಲು ಅನ್ನಿಸಿದ್ದು ನಿರಾಳ. ಆಮೇಲೆ ಅನ್ನಿಸಿದ್ದು ಆ ನಿರಾಳದ ಬಗ್ಗೆ ಹೇಸಿಗೆ. ಏನಾದರೂ ಹೇಳಬೇಕಲ್ಲ ಎಂದು ಅವನು ದೊಡ್ಡವರ ದನಿಯಲ್ಲಿ ಹೇಳಿದ: "ಒಳ್ಳೇದಾತು. ನೀನು ಯಾವಾಗ ಬಂದ್ರೂ ಒಳಗೆ ತರೂ ಜವಾಬ್ದಾರಿ ನಂದು. ಗುಡ್ಡದ ಮೇಲೆ ಹೊನ್ನೆಮರ ಇರೂ ತನಕ ನನ್ನ ಕೈಲಿ ಒಂದು ಮಚವೆನೂ ನೆಲ ಹತ್ತೂದಿಲ್ಲ."

ರಮಾನಂದನ ಹೆಜ್ಜೆ ಒಂದಿಷ್ಟು ಹತ್ತಿರ ಬಂತು.

"ಹೊನ್ನೆಮರ ಬಿದ್ದು ಎರಡು ಮಳೆಗಾಲ ಆತು, ಮಾಬ್ಲಣ್ಣ."

ಮಹಾಬಲನ ಕೈಯಲ್ಲಿದ್ದ ಅಡಿಕೆ ಕೆಳಗೆ ಬಿದ್ದು ಹಲಗೆಯ ಮೇಲೆ ಉರುಳಿತು. ಎರಡು ವರ್ಷದ ಹಿಂದಿನ ಒಂದು ಗಾಳಿಮಳೆಯ ದಿನ ಗುಡ್ಡದ ಕಡೆಯಿಂದ ಬಂದ ಸದ್ದು ಅವನಿಗೆ ನೆನಪಾಯಿತು. ಅದೆಂತ ಎಂದು ಕೇಳಿದ್ದಕ್ಕೆ ಸರೋಜಾ, ಗುಡುಗು ಎಂದಿದ್ದಳು.

"ಮತ್ತೆ ಅವಳು ಎಂತ ನೋಡಿ ಹೇಳ್ತಾಳೆ?"

"ಬೇರು ಕಿತ್ತ ಜಾಗದಲ್ಲಿ ಕೆಂಪು ಮಣ್ಣಿನ ಹೊಂಡ ಬಿದ್ದದೆ. ದೂರಕ್ಕೆ ಒಂದು ಚುಕ್ಕಿ. ಅದನ್ನೇ ಹಿಡಿದು ತರ್ತಾಳೆ. ನಾವು ಸುಕಾಣಿಗಳೆಲ್ಲ ನೋಡೂದು ಅವಳ ದೋಣಿನ, ನಿಮ್ಮ ಬಾವುಟ ಅಲ್ಲ. ನಿಮ್ಗೆ ಕಣ್ಣು ಕಾಣೂದಿಲ್ಲ ಅಂತ ಮಚವೆಯವ್ರಿಗೆಲ್ಲ ಗೊತ್ತದೆ."

"ಯಾರೂ ಒಂದು ಮಾತು ಹೇಳಲಿಲ್ಲ."

"ಅವಳೇ ಕೈ ಮುಗಿದಿದ್ಳು, ಅಪ್ಪನ ಹತ್ರ ಹೇಳ್ಬೇಡಿ ಅಂತ." ರಮಾನಂದನ ದನಿ ತಗ್ಗಿತು. "ನನ್ನ ಹತ್ರ ಬೇರೆನೂ ಹೇಳಿದ್ಳು. ಅಪ್ಪ ತಾನಾಗೇ ಬಿಲ್ಲೆ ತೆಗೆದಿಡೂ ತನಕ ಕಾಯ್ತ್ಯಾ ಅಂತ ಕೇಳಿದ್ಳು. ಕಾಯ್ತೆ ಅಂದೆ. ನೂಲುಹುಣ್ಣಿಮೆಗೆ ನೀವು ಹಾಂಗೆ ಹೇಳಿದ್ರಿ. ಎದುರು ಹೇಳೂಕಾಗ್ದೆ ನಿಮ್ಮ ಬಾಯಲ್ಲಿ ಹೇಳಿಸಿದ್ಳು ಅಂತ ತಿಳ್ಕಂಡೆ. ಮತ್ತೆ ಅವಳ ಮುಖ ನೋಡೂ ಧೈರ್ಯ ಆಗ್ಲಿಲ್ಲ."

ಕೋಠಿಯೊಳಗೆ ಯಾರೋ ಉಪ್ಪು ಗೋರುತ್ತಿದ್ದರು. ಮಹಾಬಲ ಅದನ್ನೇ ಕೇಳುತ್ತ ಕೂತ. ಈಗಲೂ ಸುಮ್ಮನಿರಬಹುದಿತ್ತು. ಹುಡುಗ ಹೊರಟುಹೋಗುತ್ತಾನೆ, ನಾಳೆ ಮತ್ತೆ ಸರೋಜಾ ದೋಣಿಯ ಹಿಂದೆ ಬಂದು ಕೂರುತ್ತಾಳೆ.

"ಮಾತು ಕೊಟ್ಟಾತಾ?" ಎಂದು ಕೇಳಿದ.

"ಕೊಟ್ಟಾತು. ಆ ಹುಡುಗಿಗೆ ಅಪ್ಪ ಇಲ್ಲ. ಬಿಡೂಕಾಗೂದಿಲ್ಲ."

"ಅವಳು ಹಾಂಗೆ ಹೇಳಿರಲಿಲ್ಲ ರಮಾನಂದ. ನಾನೇ ಹೇಳಿದ್ದು. ಅವಳ ಹತ್ರ ನಾನು ಕೇಳೇ ಇರಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು ಎಂದು ಮಹಾಬಲನಿಗೆ ಅನ್ನಿಸಿತು. ರಮಾನಂದ ಬಗ್ಗಿ ಬಿದ್ದ ಅಡಿಕೆಯನ್ನು ಹುಡುಕಿ ತೆಗೆದು, ಮತ್ತೆ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದ. ಆಮೇಲೆ ಹೆಜ್ಜೆಗಳು ಹಲಗೆಯ ಮೇಲೆ ದೂರ ಹೋದವು. ಧಕ್ಕೆಯ ನಡುವೆ ಎಲ್ಲೋ ಅವು ನಿಂತವು. ಎದುರಿನಿಂದ ಬರುತ್ತಿದ್ದ ಸರೋಜಾಳ ಗಾಜಿನ ಬಳೆಯ ಸದ್ದೂ ಅಲ್ಲೇ ನಿಂತಿತು. ಮಾತೇನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆಗಳು ಅತ್ತ ಹೋದವು, ಬಳೆಗಳು ಇತ್ತ ಬಂದವು.

"ಹೋಗ್ವಾ ಅಪ್ಪ? ಗಾಳಿ ಏಳ್ತಾ ಅದೆ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

ಅವರ ಮನೆ ಹೊಳೆಯ ಆಚೆ ದಡದಲ್ಲಿ, ಕಾಸರಕೋಡಿನ ಬದಿಗೆ. ದೋಣಿ ನಡುನೀರಿಗೆ ಬಂದಾಗ ಮಹಾಬಲ ತೋಳಿನ ಬಿಲ್ಲೆಯನ್ನು ಬಿಚ್ಚಿದ. ಅದರ ಕೆಳಗೆ ಚರ್ಮ ಬೆವರಿ ತಣ್ಣಗಿತ್ತು. ಬಿಲ್ಲೆಯನ್ನು ಎಡಮುಷ್ಟಿಯಲ್ಲಿ ಹಿಡಿದು, ಹೇಳಬೇಕಾದದ್ದನ್ನು ಎರಡು ಸಲ ಬಾಯಿಗೆ ತಂದ. ಎರಡು ಸಲವೂ ಅದು ತಿರುಗಿ ಒಳಗೆ ಹೋಯಿತು. ಕಡೆಗೆ ಬಾಯಿಂದ ಬಂದದ್ದು ಬೇರೆಯೇ.

"ಸರೋಜಾ, ಗುಡ್ಡದ ಮೇಲೆ ನಮ್ಮ ಮರ ಕಾಣ್ತದ್ಯಾ?"

ಹುಟ್ಟು ನಿಂತಿತು. ಅವಳು ತಿರುಗಿ ಗುಡ್ಡದ ಕಡೆ ನೋಡಿರಬೇಕು. ದೋಣಿ ಒಂದು ಮಗ್ಗುಲಿಗೆ ತುಸು ವಾಲಿತು.

"ಕಾಣ್ತದೆ ಅಪ್ಪ," ಎಂದಳು. "ಈ ವರ್ಷ ಹೂ ಜಾಸ್ತಿ ಬಿಟ್ಟದೆ."

ಮತ್ತೆ ಹುಟ್ಟು ನೀರಿಗೆ ಬಿತ್ತು. ಹಿಡಿ ಅಂಚಿಗೆ ಎರಡು ಸಲ ಬಡಿಯಿತು. ಹಿಂದೆ ಯಾವ ಮಚವೆಯೂ ಇರಲಿಲ್ಲ. ಮಹಾಬಲ ಬರಿಗೈಯನ್ನು ಬಲಕ್ಕೆ ಚಾಚಿದ.