ಮುಖ ಬಿಟ್ಟು ಬಿದ್ದ ಮುದ್ರೆ

"ಆ ಮನುಷ್ಯ ಈ ಹೊಸ್ತಿಲು ದಾಟಿದ್ರೆ ನಾನು ಮನೆಯಿಂದಲೇ ಹೊರಗೆ ಹೋಗ್ತೀನಿ," ಎಂದು ಮಗಳು ಬಾಗಿಲಿಗೆ ಅಡ್ಡ ಕೈ ಚಾಚಿದಳು.

ಮೆಟ್ಟಿಲ ಕೆಳಗೆ ನಿವೃತ್ತ ಪೋಸ್ಟ್ ಮಾಸ್ಟರ್ ನಿಂತಿದ್ದರು. ಒಳಗೆ ಅಪ್ಪನ ಶವಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ.

"ಸಾವಿನ ಮನೆ ಕಣೇ, ಮೆತ್ತಗೆ," ಎಂದ ಚಿಕ್ಕಪ್ಪ.

"ಅಪ್ಪನ್ನ ಚೀಲದ ಕೋಣೆಗೆ ತಳ್ಳಿದ್ದು ಇವರೇ ಅಲ್ವಾ?"

"ತಳ್ಳಿದ್ದು ಹೌದು," ಎಂದ ಅಪ್ಪನ ಜೊತೆ ದುಡಿದ ಅಂಚೆಯಣ್ಣ. "ನಿಮ್ಮಪ್ಪನ ಹಠ ಏನು ಕಮ್ಮಿ ಇತ್ತಾ ತಾಯಿ?"

*

ನಾಡಿಗೆ ಸ್ವಾತಂತ್ರ್ಯ ತಂದು, ಆಮೇಲೆ ಅದನ್ನು ಆಳಿದ ಮುಖಂಡರು ತೀರಿಕೊಂಡ ಮರುವರ್ಷ ಅವರ ನೆನಪಿನ ಅಂಚೆಚೀಟಿ ಬಂತು. ಮೊದಲ ದಿನ ಸಾಲು ಬೀದಿಯವರೆಗೆ ಬೆಳೆದಿತ್ತು. ಕೌಂಟರಿನ ತುಂಬ ಹೊಸ ಗೋಂದಿನ ವಾಸನೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

ಚೀಟಿಯನ್ನು ಯಾರೂ ಮತ್ತೆ ಬಳಸದಂತೆ ಮುದ್ರೆ ಬಡಿಯುವುದು ಅವನ ಕೆಲಸ. ಆದರೆ ಮುಖಂಡರ ಮುಖಕ್ಕೆ ಶಾಯಿ ತಾಗಗೊಡಲಿಲ್ಲ. ಒಂದು ಮೂಲೆಗೆ ಮಾತ್ರ, ಉಗುರು ತಾಗಿದಷ್ಟು.

ಜನ ಬಿಡುತ್ತಾರೆಯೇ? ಚೀಟಿ ನೆನೆಸಿ, ಮೂಲೆ ಒರೆಸಿ ಮತ್ತೆ ಅಂಟಿಸಿದರು. ಊರಿನ ಆ ತುದಿಯ ಅಕ್ಕ, ಈ ತುದಿಯ ತಂಗಿ ಒಂದೇ ಚೀಟಿಯನ್ನು ಹೋಗುತ್ತಾ ಬರುತ್ತಾ ಓಡಿಸಿ ಮದುವೆ, ಬಸಿರು, ಬಾಣಂತನದ ಸುದ್ದಿಯೆಲ್ಲಾ ಬರೆದು ಮುಗಿಸಿದರು.

ಪೋಸ್ಟ್ ಮಾಸ್ಟರ್ ಕೆರಳಿದರು. "ಮುಖದ ಮೇಲೆ ಹೊಡಿಯೋ!"

"ಸಾರ್, ಜೈಲಲ್ಲಿ ಅವರು ತಿಂದ ಏಟು ಸಾಲದಾ? ನಾನೂ ಹೊಡೀಬೇಕಾ?"

ಮರುದಿನದಿಂದ ಅಪ್ಪ ಹಿಂದಿನ ಕೋಣೆಯಲ್ಲಿ ಹರಿದ ಟಪಾಲು ಚೀಲ ಹೊಲಿಯತೊಡಗಿದ. ಶಾಲೆ ಬಿಟ್ಟು ಓಡಿಬಂದ ಮಗಳಿಗೆ ಕೌಂಟರಿನ ಹಿಂದೆ ಯಾರದೋ ಮುಖ ಕಂಡಿತು. ಅವತ್ತು ಅವಳೊಳಗೆ ಹತ್ತಿದ ಸಿಟ್ಟು ಆರಿರಲಿಲ್ಲ.

*

"ಕ್ಷಮೆ ಕೇಳೋಕೆ ಬಂದಿಲ್ಲ ಮಗು," ಎಂದರು ಪೋಸ್ಟ್ ಮಾಸ್ಟರ್. "ನಿಯಮ ನಿಯಮಾನೇ. ಇವತ್ತಾದ್ರೂ ಅದನ್ನೇ ಮಾಡ್ತಿದ್ದೆ."

"ಮತ್ತೆ ಯಾಕೆ ಬಂದ್ರಿ?"

"ಇಷ್ಟು ವರ್ಷ ದಿನಾ ಸಂಜೆ ಪಾರ್ಕಿನ ಬೆಂಚಲ್ಲಿ ಇದೇ ಜಗಳ ನಮ್ಮಿಬ್ಬರದು. ನಾನು ಮುಖ ಅಂತೀನಿ, ಅವನು ಮೂಲೆ ಅಂತಾನೆ. ನಿನ್ನೆ ಸಂಜೆ ಕತ್ತಲಾಗೋವರೆಗೂ ಕಾದೆ. ಆಮೇಲೆ ಯಾರೋ ಬಂದು ಹೇಳಿದ್ರು."

ಮಗಳು ಅಮ್ಮನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವಳಿಗೆ ಹೇಳಬೇಡ, ರಂಪ ಮಾಡ್ತಾಳೆ ಅಂದಿದ್ರು ನಿಮ್ಮಪ್ಪ. ಅವರ ಸಿಟ್ಟು ಯಾವಾಗಲೋ ಇಳೀತು ಕಣೇ. ನೀನೇ ಇನ್ನೂ ಹೊತ್ಕೊಂಡು ತಿರುಗ್ತಿದ್ದೀಯ."

ಚಾಚಿದ ಕೈ ಕೆಳಗಿಳಿಯಿತು. ಆದರೆ ಅವಳು ಬನ್ನಿ ಎನ್ನಲಿಲ್ಲ.

ಪೆಟ್ಟಿಗೆ ಎತ್ತುವಾಗ ಚಿಕ್ಕಪ್ಪನ ಸೊಂಟ ಹಿಡಿಯಿತು. ಹಿಂದೆ ಅಂಚೆಯಣ್ಣ ಮತ್ತು ಮಗಳ ಗಂಡ, ಮುಂದೆ ಎಡಕ್ಕೆ ಮಗಳು. ಮುಂದಿನ ಬಲಗಡೆ ಖಾಲಿ. ಮೆಟ್ಟಿಲ ಕೆಳಗಿದ್ದ ಪೋಸ್ಟ್ ಮಾಸ್ಟರ್ ಕದಲಲಿಲ್ಲ, ಕರೆಯದೆ ಬರುವವರಲ್ಲ.

"ನೋಡ್ತಾ ನಿಂತ್ರೆ ಆಯ್ತಾ?" ಎಂದಳು ಮಗಳು, ಅವರ ಮುಖ ನೋಡದೆ. "ಬನ್ನಿ, ಹಿಡೀರಿ."

ಅವರು ಅವಳಿಗಿಂತ ಗೇಣಿಗೂ ಹೆಚ್ಚು ಎತ್ತರ. ಹೆಗಲು ಕೊಟ್ಟೊಡನೆ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಪೋಸ್ಟ್ ಮಾಸ್ಟರ್ ಒಂದು ಕ್ಷಣ ತಡೆದು, ಮೊಣಕಾಲು ಮಡಚಿ, ಅವಳ ಹೆಗಲಿನ ಮಟ್ಟಕ್ಕೆ ಇಳಿದರು. ಬೀದಿಯುದ್ದಕ್ಕೂ ಹಾಗೆಯೇ, ಅರ್ಧ ಕುಳಿತಂತೆ ನಡೆದರು.